ಕಪ್ಪು ನಾಲ್ಕರ ಬೊಟ್ಟು

ಹೊಳಲ್ಕೆರೆಯ 'ಸ್ವರಸಾಗರ ಮೆಲೋಡೀಸ್' ತಂಡದ ಸಾಗರವೆಲ್ಲ ಒಂದು ಓಮ್ನಿ ವ್ಯಾನಿನಲ್ಲಿ ಹಿಡಿಯುತ್ತಿತ್ತು. ಕೊಟ್ರೇಶನ ಕೀಬೋರ್ಡು, ಕಲ್ಲೇಶನ ರಿದಂ ಪ್ಯಾಡು, ಎರಡು ಸ್ಪೀಕರು, ವೈರು ತುಂಬಿದ ಹಳೇ ಪೇಂಟ್ ಡಬ್ಬ, ಮುಂದಿನ ಸೀಟಿನಲ್ಲಿ ಹಾಡುವ ಸರ್ವಮಂಗಳಕ್ಕ. ಉಳಿದ ಸಾಮಾನಿಗೆಲ್ಲ ಗ್ಯಾರಂಟಿ ಮುಗಿದು ಎಷ್ಟೋ ವರ್ಷವಾಗಿತ್ತು. ಅಕ್ಕನ ದನಿಗೆ ಮಾತ್ರ ಇನ್ನೂ ಇದೆಯೆಂದು ಊರು ನಂಬಿತ್ತು. ಅಕ್ಕನೂ ನಂಬಿದ್ದಳು.

ಅವಳ ಶ್ರುತಿ ಕಪ್ಪು ನಾಲ್ಕು. ಅಂದರೆ ಕೀಬೋರ್ಡಿನ ನಾಲ್ಕನೇ ಕಪ್ಪು ಕೀ ಅವಳ 'ಸಾ'. ಆ ಕೀ ಮೇಲೆ ಅವಳೇ ತನ್ನ ಹಣೆಯ ಕೆಂಪು ಸ್ಟಿಕರ್ ಬೊಟ್ಟೊಂದನ್ನು ಅಂಟಿಸಿದ್ದಳು. ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಆ ಬೊಟ್ಟಿನ ಮೇಲೆ ತನ್ನ ಬೊಟ್ಟಿಟ್ಟು ಒತ್ತಿ, ಕಣ್ಣು ಮುಚ್ಚಿ, ಆಮೇಲೇ ಮೈಕ್ ಹಿಡಿಯುತ್ತಿದ್ದಳು. "ಕಪ್ಪು ನಾಲ್ಕು ಸಿಗದ ದಿನ ಮೈಕ್ ಕೆಳಗಿಡ್ತೀನಿ" ಎಂದು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದಳು. ಹೇಳಿದ್ದನ್ನು ಮಾಡುವ ಹೆಂಗಸು. ಕೊಟ್ರೇಶನಿಗೆ ಅದೇ ಭಯ.

ಎರಡು ವರ್ಷದ ಹಿಂದೆ ಬಿ.ದುರ್ಗದ ಮದುವೆಯೊಂದರಲ್ಲಿ ಮೇಲಿನ ಸ್ವರಕ್ಕೆ ಹೋದ ದನಿ ಅರ್ಧ ದಾರಿಯಲ್ಲಿ ಒಡೆಯಿತು. ಅಕ್ಕ ಕೆಮ್ಮಿ, ಬೀಗರು ಕೊಟ್ಟ ಐಸ್‌ಕ್ರೀಮನ್ನು ಬೈದಳು. ಮುಂದಿನ ಸಲ ಐಸ್‌ಕ್ರೀಂ ಇರಲಿಲ್ಲ, ಆದರೂ ಒಡೆಯಿತು. ಅದರ ಮುಂದಿನ ಸಲ ಕೊಟ್ರೇಶ ಕೀಬೋರ್ಡಿನ ಮೂಲೆಯ ಗುಂಡಿಯೊಂದನ್ನು ಎರಡು ಸಲ ಒತ್ತಿದ. ಆ ಗುಂಡಿ ಒತ್ತಿದರೆ ಬೆರಳು ಇದ್ದಲ್ಲೇ ಇರುತ್ತದೆ, ದನಿಯ ಶ್ರುತಿ ಇಳಿಯುತ್ತದೆ. ಅಕ್ಕ ಕಪ್ಪು ನಾಲ್ಕನ್ನೇ ಒತ್ತಿದಳು, ಕೇಳಿಸಿದ್ದು ಕಪ್ಪು ಮೂರು. ಅವತ್ತು ಹಾಡು ಹೂವಾಗಿ ಬಂತು. ಅವತ್ತಿನಿಂದ ಕೊಟ್ರೇಶ ಇಳಿಸಿದ್ದನ್ನು ಮತ್ತೆ ಏರಿಸಲು ಆ ಗುಂಡಿಯ ತಂಟೆಗೆ ಹೋಗಲಿಲ್ಲ. ಕಲ್ಲೇಶನಿಗೆ ಗೊತ್ತಿತ್ತು. ಅವನದು ಬರೀ ತಾಳ, ಮೇಳದ ಗುಟ್ಟು ರಟ್ಟು ಮಾಡಲಿಲ್ಲ.

ಈ ಭಾನುವಾರ ಬೆಳಿಗ್ಗೆ ಚಿಕ್ಕಜಾಜೂರಿನಲ್ಲಿ ಕಾಟಲಿಂಗಪ್ಪನ ಬೀಳ್ಕೊಡುಗೆ. ರೈಲ್ವೆಯಲ್ಲಿ ಮೂವತ್ತೇಳು ವರ್ಷ ದುಡಿದ ಮನುಷ್ಯ. ತನ್ನ ಮೆಚ್ಚಿನ ತತ್ವಪದವನ್ನು ಸರ್ವಮಂಗಳಕ್ಕನ ಬಾಯಲ್ಲೇ ಕೇಳಬೇಕೆಂದು ಹಟ ಹಿಡಿದು ಕರೆಸಿದ್ದ. ಮೂರನೇ ಸಾಲಿಗೆ ನೆತ್ತಿಗೇರುವ ಪದ ಅದು.

ಶಾಮಿಯಾನದ ಕೆಳಗೆ ಕಲ್ಲೇಶ ಅವಸರದಲ್ಲಿ ತನ್ನ ಪ್ಯಾಡಿನ ಅಡಾಪ್ಟರನ್ನು ಕೀಬೋರ್ಡಿಗೆ ಚುಚ್ಚಿದ. 'ಟಪ್' ಅಂದಿತು. ಆಮೇಲೆ ವಾಸನೆ ಬಂತು.

"ಲೇ ಕಲ್ಲೇಶ, ಏನ್ಲೇ ಮಾಡ್ದೆ!" ಕೊಟ್ರೇಶ ಕೂಗಿದ.

"ಎರಡೂ ಕರ್ರಗಿದ್ವಪ್ಪ. ಅವುಗಳ ಮಕ ನೋಡಿದ್ರೆ ಯಾವುದು ಯಾರ್ದು ಅಂತ ಗೊತ್ತಾಗ್ತತಾ?"

ಕೀಬೋರ್ಡು ತಣ್ಣಗಾಯಿತು. ಸುದ್ದಿ ಕೇಳಿ ಭಜನೆ ಮಂದಿರದ ಮಾರಣ್ಣ ಹೆಗಲ ಮೇಲೆ ಹಾರ್ಮೋನಿಯಂ ಹೊತ್ತು ಬಂದ. ಹಾರ್ಮೋನಿಯಂನಲ್ಲಿ ಅಂಥ ಗುಂಡಿ ಇಲ್ಲ. ಬೆರಳು ಎಲ್ಲಿಯೋ ದನಿ ಅಲ್ಲೇ.

ಕೊಟ್ರೇಶ ಮೆಲ್ಲಗೆ ಕೇಳಿದ: "ಅಕ್ಕ, ಇವತ್ತು ಕಪ್ಪು ಮೂರಕ್ಕೆ ಹೋಗಾಣ? ಈ ಪೆಟ್ಟಿಗೆ ನನಗೆ ಹೊಸದು."

"ಪೆಟ್ಟಿಗೆ ನಿನಗೆ ಹೊಸದು, ಶ್ರುತಿ ನನಗೆ ಹಳೇದು. ಸರಿ ಆಕಡೆ."

ಅವಳು ಹಣೆಯ ಬೊಟ್ಟನ್ನು ಕಿತ್ತು ಕಪ್ಪು ನಾಲ್ಕರ ಮೇಲೆ ಅಂಟಿಸಿ ಒತ್ತಿದಳು. ಕೊಟ್ರೇಶ ತಿದಿ ಒತ್ತಿದ. ಅಕ್ಕ 'ಸಾ' ಹಿಡಿದು ಮೇಲಿನ ಸ್ವರಕ್ಕೆ ಏರಿದಳು. ದನಿ ಹತ್ತಿತು, ನಡುಗಿತು, ಒಡೆಯಿತು. ಇನ್ನೊಮ್ಮೆ ಏರಿದಳು. ಇನ್ನೊಮ್ಮೆ ಒಡೆಯಿತು.

"ಪೆಟ್ಟಿಗೆ ಕೆಟ್ಟೈತೆ ಕಣಪ್ಪ ಮಾರಣ್ಣ. ಶ್ರುತಿ ಏರೈತೆ."

ಮಾರಣ್ಣನಿಗೆ ರೋಷ ಬಂತು. "ಹೋದ ತಿಂಗಳು ಶ್ರುತಿ ಮಾಡ್ಸೀವಿ ಕಣವ್ವ. ದೇವ್ರ ಮುಂದೆ ಬಾರಿಸಾ ಪೆಟ್ಟಿಗೆ, ಸುಳ್ಳು ಹೇಳಕಿಲ್ಲ."

"ನಮ್ಮನೇಲಿರಾ ಶ್ರುತಿ ಪೆಟ್ಟಿಗೇದೂ ಇದೇ ಕತೆ. ಬೆಳಿಗ್ಗೆ ಐದಕ್ಕೆದ್ದು ಕುಂತ್ರೆ ಗಂಟ್ಲು ಹರ್ಕಂಡ್ರೂ ಎಟುಕಾಕಿಲ್ಲ. ಎರಡು ಸಲ ರಿಪೇರಿಗೆ ಕೊಟ್ಟೆ. ಮೊನ್ನೆ ಮತ್ತೆ ಮಾರುತಿ ಅಂಗಡೀಲಿ ಕೊಟ್ಟು ಬಂದೀನಿ. ಪ್ರತಿ ಸಲಾನೂ ಸರಿಯಾಗೈತೆ ಅಕ್ಕಾ ಅಂತಾನೆ ಮೂಳ. ಏನು ಸರಿಯಾಗೈತೆ? ಸ್ಟೇಜ್ ಮೇಲೆ ನನಗೆ ನಾಲ್ಕು ಸಲೀಸಾಗಿ ಬರ್ತೈತಲ್ಲ!"

ಕೊಟ್ರೇಶನ ಕೈ ತಿದಿಯ ಮೇಲೇ ನಿಂತಿತು. ಎರಡು ವರ್ಷ ಅವನು ಆ ಗುಂಡಿಯನ್ನು ಪುಣ್ಯದ ಕೆಲಸ ಅಂದುಕೊಂಡಿದ್ದ. ವಾರಕ್ಕೊಂದು ದಿನ ಸ್ಟೇಜಿನ ಮೇಲೆ ಅವಳನ್ನು ಕಾಪಾಡಿ, ಉಳಿದ ಆರು ದಿನ ಬೆಳಿಗ್ಗೆ ಐದಕ್ಕೆ ಒಬ್ಬಳನ್ನೇ ನಿಜವಾದ ಪೆಟ್ಟಿಗೆಯ ಜೊತೆ ಗುದ್ದಾಡಲು ಬಿಟ್ಟಿದ್ದ. ಈಗ ಮಾರಣ್ಣನ ಪೆಟ್ಟಿಗೆಗೂ ಸುಳ್ಳುಗಾರನ ಪಟ್ಟ.

"ಅಕ್ಕ," ಅಂದ. "ಪೆಟ್ಟಿಗೆ ಸರಿ ಐತೆ. ನಿಮ್ಮನೇದೂ ಸರಿ ಐತೆ. ಕೆಟ್ಟಿರಾದು ನನ್ನ ಕೀಬೋರ್ಡು. ಅಲ್ಲ, ನಾನು. ಎರಡು ವರ್ಷದಿಂದ ಕಪ್ಪು ಮೂರಕ್ಕೆ ಇಳಿಸಿಟ್ಟೀನಿ."

ಕಲ್ಲೇಶ ವೈರಿನ ಡಬ್ಬದೊಳಗೆ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕತೊಡಗಿದ.

ಸರ್ವಮಂಗಳಕ್ಕ ಮೈಕನ್ನು ಹಾರ್ಮೋನಿಯಂ ಮೇಲೆ ಮಲಗಿಸಿದಳು. ಬೊಟ್ಟಿಲ್ಲದ ಹಣೆಯನ್ನು ಸೆರಗಿನಿಂದ ಒರೆಸಿಕೊಂಡಳು. ಮುಂದಿನ ಸಾಲಿನಲ್ಲಿ ಕೊರಳ ತುಂಬ ಹಾರ ಹಾಕಿಕೊಂಡು ಕಾಟಲಿಂಗಪ್ಪ ಕಾಯುತ್ತಿದ್ದ. ರೈಲು ಕಾದು ಅಭ್ಯಾಸವಿದ್ದ ಅವನಿಗೆ ಬೇಸರವೇನೂ ಇದ್ದಂತೆ ಕಾಣಲಿಲ್ಲ.

"ಕಷಾಯ ಕುಡಿದು ಕುಡಿದು ನಾಲಿಗೆ ಸುಟ್ಕಂಡೀನಿ ಕಣೋ," ಅಂದಳು. "ಡಾಕ್ಟ್ರು ಗಂಟ್ಲಿಗೆ ಬ್ಯಾಟ್ರಿ ಬಿಟ್ಟು ನೋಡಿ, ಏನೂ ಇಲ್ಲಮ್ಮ ಅಂದ್ರೆ, ಅವರ ಕಣ್ಣೇ ಸರಿ ಇಲ್ಲ ಅಂದ್ಕಂಡೆ."

"ತಪ್ಪಾತಕ್ಕ. ನೀವು ಮೈಕ್ ಕೆಳಗಿಡ್ತೀರಿ ಅಂತ..."

"ಈಗ ಇಟ್ಟೀನಲ್ಲ."

ಕೊಟ್ರೇಶ ತಲೆ ತಗ್ಗಿಸಿದ. ಅವಳು ಕೇಳಿದಳು:

"ಹೋದ ವರ್ಷ ಹೊಸದುರ್ಗದಾಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರಲ್ಲ. ಅದೂ ಮೂರರಾಗೇನಾ?"

"ಹೂನಕ್ಕ. ಮೂರರಾಗೇ."

"ಚಪ್ಪಾಳೇನೂ ನೀನೇ ಏರಿಸಿದ್ಯಾ?"

"ಚಪ್ಪಾಳೆಗೆ ಗುಂಡಿ ಇಲ್ಲಕ್ಕ."

ಅವಳ ತುಟಿಯ ಒಂದು ಕೊನೆ ಮಾತ್ರ ಅಲ್ಲಾಡಿತು. ಹಾರ್ಮೋನಿಯಂ ಕಡೆ ಬಗ್ಗಿ, ಉಗುರಿನಿಂದ ಬೊಟ್ಟನ್ನು ಎಬ್ಬಿಸಿದಳು. ಅಂಟು ಅರ್ಧ ಹೋಗಿತ್ತು. ಅದನ್ನು ಕಪ್ಪು ಮೂರರ ಮೇಲಿಟ್ಟು, ಅಂಟುವವರೆಗೂ ಬಲವಾಗಿ ಒತ್ತಿ ಹಿಡಿದಳು. ತಿದಿಯಲ್ಲಿ ಉಳಿದಿದ್ದ ಗಾಳಿಗೆ ಆ ಸ್ವರ ಸಣ್ಣಗೆ ನುಡಿಯಿತು.

"ಇನ್ನೊಂದು ದಿನ ಇದನ್ನೂ ಇಳಿಸಬೇಕಾಗ್ತತೆ. ಆವಾಗ ನನ್ನ ಕೇಳಿ ಇಳಿಸು. ಈಗ ಒತ್ತು."

ಅವಳು ಮೈಕ್ ಎತ್ತಿಕೊಂಡಳು, ಪದ ಶುರುವಾಯಿತು. ಕೀಬೋರ್ಡಿಗೆ ಉಸಿರು ಬೇಕಿರಲಿಲ್ಲ, ಹಾರ್ಮೋನಿಯಂಗೆ ಬೇಕಿತ್ತು. ಅವಳು ಎಲ್ಲಿ ಉಸಿರು ಎಳೆದುಕೊಳ್ಳುತ್ತಾಳೆ, ಎಲ್ಲಿ ಉಳಿಸಿಕೊಳ್ಳುತ್ತಾಳೆ ಎಂದು ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತ ಕೊಟ್ರೇಶ ಇವತ್ತು ಮೊದಲ ಸಲ ಕೈಯಲ್ಲೇ ತಿಳಿದುಕೊಂಡ. ಮೂರನೇ ಸಾಲಿಗೆ ಅವಳು ಕಣ್ಣು ಬಿಟ್ಟುಕೊಂಡೇ ಏರಿದಳು. ದನಿ ಮೇಲೆ ಹೋಗಿ ನಿಂತಿತು. ಕಾಟಲಿಂಗಪ್ಪ ಹಾರದೊಳಗೆ ಮುಖ ಹುದುಗಿಸಿಕೊಂಡ.

ಊಟದ ಸಾಲಿನಲ್ಲಿ ಎಲೆ ಮುಂದೆ ಕೂತು ಅಕ್ಕ ಫೋನ್ ಹಚ್ಚಿದಳು.

"ಮಾರುತೀ, ನನ್ನ ಶ್ರುತಿ ಪೆಟ್ಟಿಗೆ ಬಿಚ್ಚೀಯಾ ಏನಪ್ಪ?... ಬಿಚ್ಚಿಲ್ವಾ? ಬಿಚ್ಚಬ್ಯಾಡ. ಸರಿಯಾಗೈತೆ ಅದು. ಸಾಯಂಕಾಲ ಬಂದು ತಗಂಡು ಹೋಗ್ತೀನಿ."