ನಡುವಿನ ಹನ್ನೊಂದು ಸೆಂಟಿಮೀಟರ್

ಸೇತುವೆಯ ಎರಡು ತುದಿಗಳೂ ನಡುಗಡಲಿನಲ್ಲಿ ಎದುರುಬದುರು ಬಂದು ನಿಂತಿದ್ದವು. ಒಂದು ದ್ವೀಪದ ಕಡೆಯಿಂದ, ಇನ್ನೊಂದು ದಡದ ಕಡೆಯಿಂದ. ಎರಡನ್ನೂ ಎತ್ತರದ ಗೋಪುರಗಳಿಂದ ಇಳಿದ ಉಕ್ಕಿನ ಕೇಬಲ್‌ಗಳು ಹಿಡಿದುಕೊಂಡಿದ್ದವು. ಇನ್ನು ಕೂರಿಸಬೇಕಿದ್ದದ್ದು ಕೊನೆಯ ತುಂಡೊಂದೇ. ಆದರೆ ಸಂಜೆ ನಾಲ್ಕಕ್ಕೆ ಅಳೆದು ನೋಡಿದರೆ ದ್ವೀಪದ ಕಡೆಯ ತುದಿ ಹನ್ನೊಂದು ಸೆಂಟಿಮೀಟರ್ ತಗ್ಗಿತ್ತು.

ದೊಡ್ಡ ಇಂಜಿನಿಯರರ ಮುಖ ಕಪ್ಪಿಟ್ಟಿತು. "ಕೇಬಲ್ ಬಿಗಿ ಮಾಡಿ ಎತ್ತಿಬಿಡೋಣ."

"ಬೇಡ ಸಾರ್, ಇದು ಬಿಸಿಲಿನ ಆಟ," ಎಂದಳು ಸರ್ವೇಯರ್.

ಅವಳು ದ್ವೀಪದ ಲಾಂಚ್ ನಡೆಸುವವನ ಮಗಳು. "ಅಪ್ಪನ ಹೊಟ್ಟೆ ಮೇಲೆ ಹೊಡೀತಿದ್ದಾಳೆ ನೋಡು" ಎಂದು ಊರವರು ಕಿಚಾಯಿಸಿದರೆ, "ಹೊಡೀಲಿ ಬಿಡ್ರೋ, ಸ್ವಲ್ಪ ಕರಗಬೇಕಿತ್ತು" ಎಂದು ಅಪ್ಪ ಹೊಟ್ಟೆ ಸವರಿಕೊಳ್ಳುತ್ತಿದ್ದ. ಅಕ್ಕನಿಗೆ ಹೆರಿಗೆ ನೋವು ಬಂದ ದಿನ ಕಡಲು ಕೆರಳಿ ಲಾಂಚ್ ಹೊರಡಲೇ ಇಲ್ಲ. ಅಕ್ಕ ಉಳಿದಳು, ಮಗು ಉಳಿಯಲಿಲ್ಲ. ಅಂದಿನಿಂದ ಸೇತುವೆ ಬೇಡವೆಂಬ ಮಾತು ಅಪ್ಪನ ಬಾಯಲ್ಲಿ ಬಂದದ್ದಿಲ್ಲ.

"ಬಿಸಿಲು ಅಷ್ಟೊಂದು ಬಗ್ಗಿಸಲ್ಲಮ್ಮ. ಲೆಕ್ಕದಲ್ಲಿ ಮೂರೇ ಸೆಂಟಿಮೀಟರ್ ಇದೆ," ಎಂದರು ದೊಡ್ಡ ಇಂಜಿನಿಯರರು.

"ಲೆಕ್ಕಕ್ಕೆ ಗುಡ್ಡದ ನೆರಳು ಗೊತ್ತಿಲ್ಲ ಸಾರ್. ದಡದ ಕೇಬಲ್ ಮಧ್ಯಾಹ್ನವೇ ನೆರಳಿಗೆ ಬೀಳುತ್ತೆ. ನಮ್ಮ ದ್ವೀಪದ ಕಡೆಯದು ಸಂಜೆವರೆಗೂ ಕಾದು ಉದ್ದ ಆಗುತ್ತೆ, ತುದಿ ಬಾಗುತ್ತೆ. ಮೂರು ವಾರ ಅಳೆದು ಬರೆದಿದ್ದೀನಿ, ನೋಡಿ. ಈಗ ಎತ್ತಿದ್ರೆ ಬೆಳಿಗ್ಗೆ ಅಷ್ಟೇ ಮೇಲೆ ನಿಂತಿರುತ್ತೆ."

"ನಿನ್ನ ಮಾತು ಸುಳ್ಳಾದ್ರೆ?"

"ತಪ್ಪು ನನ್ನದು ಅಂತ ಬರೆದುಕೊಡ್ತೀನಿ."

ಅವರು ಅವಳ ಪುಸ್ತಕವನ್ನು ಹಾಳೆ ಹಾಳೆಯಾಗಿ ತಿರುವಿದರು. "ಸರಿ. ಬೆಳಿಗ್ಗೆವರೆಗೆ ಯಾರೂ ಕೇಬಲ್ ಮುಟ್ಟಬೇಡಿ."

ಆ ರಾತ್ರಿ ಅವಳು ಮೂರು ವಾರದ ಅಳತೆಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ ನೋಡಿದಳು. ಸೂರ್ಯ ಹುಟ್ಟುವ ಹೊತ್ತಿಗೆ ಉಪಕರಣಕ್ಕೆ ಕಣ್ಣಿಟ್ಟು ನಿಂತಿದ್ದಳು. ಒಮ್ಮೆ ಅಳೆದಳು. ನಂಬಿಕೆ ಬಾರದೆ ಮತ್ತೊಮ್ಮೆ ಅಳೆದಳು.

"ಎಷ್ಟಮ್ಮ?"

"ಎರಡು ಮಿಲಿಮೀಟರ್ ಸಾರ್!"

ದೊಡ್ಡ ಇಂಜಿನಿಯರರು ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡರು. "ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ನನಗೆ ಪಾಠ ಹೇಳಿದವಳು ನೀನೊಬ್ಬಳೇ," ಎಂದು ಗಟ್ಟಿಯಾಗಿ ನಕ್ಕು ಕ್ರೇನಿನವನಿಗೆ ಕೈ ಬೀಸಿದರು.

ಕೊನೆಯ ತುಂಡು ಮೆಲ್ಲಗೆ ಮೇಲೇರಿ, ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಬೋಲ್ಟುಗಳು ಬಿಗಿಯಾದದ್ದೇ ತಡ, ಕೆಲಸಗಾರರ ಸೀಟಿ, ಕೇಕೆ ಮುಗಿಲು ಮುಟ್ಟಿತು. ಕೆಳಗೆ ಅಪ್ಪ ಜನ ತುಂಬಿದ ಲಾಂಚನ್ನು ನಡುನೀರಿನಲ್ಲೇ ನಿಲ್ಲಿಸಿ, ಹಾರ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

ಅವಳು ಅವನತ್ತ ಎರಡೂ ಕೈ ಎತ್ತಿ ಬೀಸಿದಳು. ಆಮೇಲೆ ಮುಂದೆ ಹೆಜ್ಜೆ ಹಾಕಿದಳು. ಹುಟ್ಟಿದಾಗಿನಿಂದ ನೀರು ದಾಟಿಯೇ ಮುಟ್ಟುತ್ತಿದ್ದ ದಡವನ್ನು ಅಂದು ನಡೆದುಕೊಂಡೇ ಮುಟ್ಟಿದಳು.