ಹದಿನಾಲ್ಕು ನಿದ್ದೆಗಳ ಗುರಿ

ನನ್ನ ತಮ್ಮ ಐದು ಕಡೆ ಕೆಲಸ ಕಳೆದುಕೊಂಡವನು. ಐದೂ ಕಡೆ ಕಾರಣ ಒಂದೇ, ಡ್ಯೂಟಿಯಲ್ಲಿ ನಿದ್ದೆ. ಕೊನೆಗೆ ನಾನು ಕೆಲಸ ಮಾಡುವ ಹಾಸಿಗೆ ಕಾರ್ಖಾನೆಗೇ ಕರೆತಂದೆ. ಅಲ್ಲಿ ನಿದ್ದೆ ಮಾಡುವುದೇ ಅವನ ಡ್ಯೂಟಿ. ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತೆ ಅನ್ನುತ್ತಾರಲ್ಲ, ಒಡಹುಟ್ಟಿದವಳಾಗಿ ನಾನು ಅದನ್ನೇ ಮಾಡಿದೆ.

ನಮ್ಮಲ್ಲೊಂದು ಪದ್ಧತಿಯಿದೆ. ಇಪ್ಪತ್ತು ಹಾಸಿಗೆ ತಯಾರಾದರೆ ಅದರಲ್ಲೊಂದನ್ನು ಕಿಟಕಿ ಪಕ್ಕದ ಮಂಚಕ್ಕೆ ಹಾಕುತ್ತೇವೆ. ತಮ್ಮ ಅದರ ಮೇಲೆ ಇಪ್ಪತ್ತು ನಿಮಿಷ ನಿದ್ದೆ ಮಾಡುತ್ತಾನೆ. ಎದ್ದ ತಕ್ಷಣ, ಮುಖ ಕೂಡ ಒರೆಸಿಕೊಳ್ಳದೆ, "ಸರಿ" ಅನ್ನಬೇಕು. ಇಲ್ಲವೇ "ಬಲ ಭುಜದ ಕೆಳಗೆ ಗಂಟು" ಎಂದು ದೋಷ ಹೇಳಬೇಕು. ಹೊಲಿಗೆ ವಿಭಾಗ ನೋಡಿಕೊಳ್ಳುವ ನಾನು ಅದನ್ನು ಪುಸ್ತಕದಲ್ಲಿ ಬರೆಯಬೇಕು. "ಸರಿ" ಇಲ್ಲದೆ ಆ ಇಪ್ಪತ್ತಕ್ಕೂ ಮುದ್ರೆ ಇಲ್ಲ, ಮುದ್ರೆ ಬೀಳದ ಹಾಸಿಗೆಯನ್ನು ಲಾರಿಗೆ ಹತ್ತಿಸುವಂತಿಲ್ಲ. ದಿನಕ್ಕೆ ಒಂಬತ್ತು ನಿದ್ದೆ ಸಲೀಸಾಗಿ ಆಗುತ್ತಿತ್ತು. ಎಲ್ಲರೂ ಅವನನ್ನು ಗೊರಕೆ ಮೇಷ್ಟ್ರು ಅನ್ನುತ್ತಿದ್ದರು, ಗೌರವದಿಂದಲೇ.

ಹೀಗಿರುವಾಗ ಹೊಸ ಮ್ಯಾನೇಜರ್ ಬಂದರು. ಮೂರು ದಿನ ನಾಯಕತ್ವದ ತರಬೇತಿ ಮುಗಿಸಿ, ನಾಲ್ಕನೇ ದಿನ ನಮ್ಮ ಪಾಲಿಗೆ ಬಂದವರು. ಕೈಯಲ್ಲಿ ಸ್ಟಾಪ್‌ವಾಚ್, ಕಣ್ಣ ಕೆಳಗೆ ಎರಡು ಕಪ್ಪು ಚೀಲ. ಹೊಲಿಯುವವರ ಬೆನ್ನ ಹಿಂದೆ ನಿಂತು "ನಾನು ನಿಮ್ಮ ಜೊತೆಗಿದ್ದೀನಿ" ಅನ್ನುತ್ತಿದ್ದರು. ಅವರು ಜೊತೆಗಿದ್ದ ಮೊದಲ ದಿನವೇ ನನ್ನ ಬೆರಳಿಗೆ ಮೂರು ಸಲ ಸೂಜಿ ಚುಚ್ಚಿತು.

ತಮ್ಮನ ಪುಸ್ತಕ ತಿರುವಿ ನೋಡಿ ತಲೆದೂಗಿದರು.

"ಒಂಬತ್ತು ಚೆನ್ನಾಗಿದೆ. ಆದ್ರೆ ನಿಮ್ಮೊಳಗೆ ಹದಿನಾಲ್ಕು ನಿದ್ದೆ ಇದೆ. ನನಗೆ ಕಾಣಿಸ್ತಿದೆ."

"ಸಾರ್, ನಿದ್ದೆ ಅದು. ಬಂದಷ್ಟು ಬರುತ್ತೆ," ಎಂದ ತಮ್ಮ.

"ಬರೋದಲ್ಲ, ತರಬೇಕು!"

ಅಂದಿನಿಂದ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ತಮ್ಮನಿಗೆ ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ಚಪ್ಪಾಳೆ ತಟ್ಟಿ "ಶಭಾಷ್! ಇನ್ನೂ ಆಳಕ್ಕೆ ಹೋಗಿ!" ಅನ್ನುತ್ತಿದ್ದರು. ತಮ್ಮ ಎದ್ದು ಕೂತು ಥ್ಯಾಂಕ್ಸ್ ಹೇಳಿ ಮತ್ತೆ ಮಲಗುತ್ತಿದ್ದ. ಮರ್ಯಾದಸ್ಥ ಹುಡುಗ. ನಾನಾಗಿದ್ದರೆ ದಿಂಬು ಎಸೆಯುತ್ತಿದ್ದೆ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ. ನನ್ನ ತಮ್ಮನಿಗಿದ್ದ ಆಸ್ತಿ ಅದೊಂದೇ, ಚಿಂತೆಯಿಲ್ಲದಿರುವುದು. ಈಗ ಅವನೂ ಗುರಿಯ ಬಗ್ಗೆ ಯೋಚಿಸತೊಡಗಿದ. ಮಂಚದ ಮೇಲೆ ಹಲಗೆಯ ಹಾಗೆ ಮಲಗಿ ಫ್ಯಾನಿನ ರೆಕ್ಕೆ ಎಣಿಸಿದ. ಇದ್ದದ್ದು ಮೂರೇ, ಬೇಗ ಮುಗಿಯಿತು. ಒಂಬತ್ತು ನಿದ್ದೆ ನಾಲ್ಕಕ್ಕಿಳಿಯಿತು, ಆಮೇಲೆ ಸೊನ್ನೆ. ಹಾಸಿಗೆಗಳು ಸೂರು ಮುಟ್ಟಿದವು. ಲಾರಿ ಚಾಲಕರು ಗೇಟಿನ ಹೊರಗೆ ಕ್ಯಾಬಿನ್ನಿನಲ್ಲಿ ಸೊಗಸಾಗಿ ಮಲಗಿದ್ದರು. ತಮ್ಮ ಕಿಟಕಿಯಿಂದ ಅವರನ್ನೇ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದ.

ಗುರುವಾರ ಮ್ಯಾನೇಜರ್ ನನ್ನನ್ನು ಕರೆದರು. "ನಾಳೆ ನಾಲ್ಕು ಗಂಟೆಯೊಳಗೆ ಹದಿನಾಲ್ಕು ಆಗ್ಲೇಬೇಕಮ್ಮ. ಇಲ್ಲಾಂದ್ರೆ ನಿಮ್ಮ ತಮ್ಮನ್ನ ಕಳಿಸಬೇಕಾಗುತ್ತೆ. ಪತ್ರ ರೆಡಿ ಇದೆ. ಬೇಜಾರಾಗದ ಹಾಗೆ, ಹುರಿದುಂಬಿಸೋ ಭಾಷೆಯಲ್ಲೇ ಬರೆದಿದ್ದೀನಿ. ಆರು ಪುಟ." ಆ ಆರು ಪುಟವನ್ನು ಲಕೋಟೆಗೆ ತುರುಕಿ, ಮಡಚಿ, ಪ್ಯಾಂಟಿನ ಹಿಂದಿನ ಜೇಬಿಗೆ ಸೇರಿಸಿದರು.

ನಿಂತಲ್ಲೇ ನಿದ್ದೆ ಮಾಡುವವನಿಗೆ ಯಾರೂ ಕೆಲಸ ಕೊಡಲಿಲ್ಲ. ಮಲಗಿದರೂ ನಿದ್ದೆ ಬಾರದವನಿಗೆ ಯಾರು ಕೊಡುತ್ತಾರೆ? ತಮ್ಮನಿಗೆ ಪತ್ರದ ವಿಷಯ ಹೇಳಲಿಲ್ಲ. ಹೇಳಿದರೆ ಬರುವ ನಿದ್ದೆಯೂ ಓಡಿಹೋದೀತು.

ಶುಕ್ರವಾರ ಹತ್ತು ಗಂಟೆ. ತಮ್ಮ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಬಿದ್ದಿದ್ದ. ಮ್ಯಾನೇಜರ್‌ಗೆ ತಾಳ್ಮೆ ತಪ್ಪಿತು.

"ನಾಯಕ ಅಂದ್ರೆ ಮಾಡಿ ತೋರಿಸೋನು. ಏಳಿ, ನಾನು ತೋರಿಸ್ತೀನಿ!"

ಬೂಟು ಕಳಚಿ ಮಲಗಿದರು. "ನೋಡಿ, ಮೊದಲು ಭುಜ ಸಡಿಲ ಬಿಡಿ. ಆಮೇಲೆ ಗುರಿಯನ್ನ ಮನಸ್ಸಿನಲ್ಲಿ..."

ಗುರಿಯನ್ನು ಮನಸ್ಸಿನಲ್ಲಿ ಏನು ಮಾಡಬೇಕೋ ನಮಗೆ ಇವತ್ತಿಗೂ ಗೊತ್ತಿಲ್ಲ. ಗೊರಕೆ ಶುರುವಾಗಿತ್ತು.

ತಮ್ಮ ಒಂದು ಗಳಿಗೆ ನೋಡಿದ. ಆಮೇಲೆ ಅವರ ಕುತ್ತಿಗೆಯ ಕೆಳಗೆ ಅಂಗೈ ಕೊಟ್ಟು ದಿಂಬು ಸರಿಮಾಡಿದ. ಸ್ಟಾಪ್‌ವಾಚನ್ನು ಬೆರಳುಗಳಿಂದ ಮೆಲ್ಲಗೆ ಬಿಡಿಸಿದ. ಫ್ಯಾನ್ ಒಂದು ಅಂಕಿ ಇಳಿಸಿ, ಪರದೆ ಎಳೆದ.

"ಅಕ್ಕಾ, ಇವರು ನಿದ್ದೆ ಮಾಡಿ ತಿಂಗಳುಗಟ್ಟಲೆ ಆಗಿದೆ. ಕುತ್ತಿಗೆ ಹೇಗೆ ಕಲ್ಲಾಗಿದೆ ನೋಡು. ಸದ್ದು ಮಾಡಬೇಡಿ."

ತಮ್ಮ ಅಪ್ಪಣೆ ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಡೀ ಕಾರ್ಖಾನೆ ಪಾಲಿಸಿತು. ಬಡಗಿ ಸುತ್ತಿಗೆಯ ತಲೆಗೆ ಹತ್ತಿ ಕಟ್ಟಿದ. ಬೆನ್ನ ಹಿಂದೆ ಯಾರೂ ಇಲ್ಲದ್ದರಿಂದ ನಮ್ಮ ಹೊಲಿಗೆ ನೂಲು ಹಿಡಿದಂತೆ ನೇರವಾಗಿ ಬಂತು. ತಮ್ಮ ಪಕ್ಕದಲ್ಲೇ ನೆಲಕ್ಕೆ ಹಾಸಿಗೆ ಹಾಸಿಕೊಂಡು ಮಲಗಿದ. ಹತ್ತು ಎಣಿಸುವಷ್ಟರಲ್ಲಿ ಅವನ ಗೊರಕೆಯೂ ಜೊತೆಗೂಡಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು "ಸರಿ" ಎಂದು ಪಿಸುಗುಟ್ಟಿ, ಹಾಸಿಗೆ ಬದಲಿಸಿ ಮತ್ತೆ ಮಲಗಿದ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಮಧ್ಯಾಹ್ನ ಮುಖ್ಯ ಕಚೇರಿಯಿಂದ ಫೋನ್ ಬಂತು. ಗುಮಾಸ್ತ ಪಿಸುಗುಟ್ಟಿದ: "ಸಾಹೇಬ್ರು ಹಾಸಿಗೆ ಪರೀಕ್ಷೆ ಮಾಡ್ತಿದ್ದಾರೆ ಸಾರ್... ಹೌದು, ಬೆಳಗ್ಗೆಯಿಂದ... ತುಂಬಾ ಆಳವಾಗಿ, ಸಾರ್."

ಸರಿಯಾಗಿ ನಾಲ್ಕಕ್ಕೆ ಮ್ಯಾನೇಜರ್ ಕಣ್ಣುಬಿಟ್ಟರು. ಗಡಿಯಾರ ನೋಡಿ ಧಡಕ್ಕನೆ ಎದ್ದು ಕೂತರು.

"ಎಷ್ಟಾಯ್ತು?"

"ಹದಿನಾಲ್ಕು ಸಾರ್," ಎಂದೆ. "ನಿಮ್ಮದು ಸೇರಿಸಿದ್ರೆ ಹದಿನೈದು. ಎದ್ದವರು ಹೇಳಬೇಕು, ನಾನು ಬರೀಬೇಕು. ಹೇಳಿ."

ಅವರು ಶಾಲೆಯ ಹುಡುಗನ ಹಾಗೆ ನಾಚಿಕೊಂಡರು. "ಎಡಗಡೆ ಸೊಂಟದ ಕೆಳಗೆ... ಒಂದು ಗಂಟಿದೆ."

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಕೈಯಾರೆ ಹೊಲಿದ ಹಾಸಿಗೆ ಅದು! ತಮ್ಮ ಅಂಗೈಯಿಂದ ಒತ್ತಿ ಒತ್ತಿ ನೋಡಿದ.

"ಗಂಟು ಹಾಸಿಗೆಯಲ್ಲಿಲ್ಲ ಸಾರ್. ಜೇಬಲ್ಲಿ ಏನಿದೆ ನೋಡಿ."

ಲಕೋಟೆ ಹೊರಬಂತು, ಚಪ್ಪಟೆಯಾಗಿ, ಬೆವರಿನಲ್ಲಿ ಒದ್ದೆಯಾಗಿ. ಮೇಲೆ ತಮ್ಮನ ಹೆಸರಿತ್ತು. ತಮ್ಮ ಅದನ್ನು ಓದಿದನೋ ಇಲ್ಲವೋ ಗೊತ್ತಾಗಲಿಲ್ಲ.

"ಇಂಥದ್ದನ್ನ ಇಟ್ಕೊಂಡು ಮಲಗಿದ್ರೆ ಒತ್ತುತ್ತೆ ಸಾರ್," ಎಂದ, ಮಗುವಿಗೆ ಹೇಳುವ ಹಾಗೆ. "ತೆಗೆದಿಟ್ಟು ಇನ್ನೊಂದ್ಸಲ ಮಲಗಿ ನೋಡಿ."

ಮ್ಯಾನೇಜರ್ ಲಕೋಟೆಯ ಸುಕ್ಕು ಬಿಡಿಸಿದರು. ಆಮೇಲೆ ನನ್ನ ಕೈಗೆ ಕೊಟ್ಟರು. "ಹರಿದು ಹತ್ತಿ ಜೊತೆ ತುಂಬಿಬಿಡಮ್ಮ."

"ನಮ್ಮ ಹಾಸಿಗೆಗೆ ಕಾಗದ ತುಂಬಲ್ಲ ಸಾರ್," ಎಂದೆ. ಆರು ಪುಟವನ್ನೂ ಚೂರು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದೆ.

ಅವರು ಮತ್ತೆ ಮಲಗಿದರು. ತಮ್ಮ ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಸುಮ್ಮನೆ ಕೂತ. ಐದಾಯಿತು. ಗಂಟೆ ಬಾರಿಸುವವನು ಬಾರಿಸಲಿಲ್ಲ, ಮನೆಗೆ ಹೊರಟವರು ಚಪ್ಪಲಿ ಕೈಯಲ್ಲಿ ಹಿಡಿದು ನಡೆದರು. ನಾನು ಮಾತ್ರ ಪುಸ್ತಕ ತೆರೆದು ಪೆನ್ನು ಹಿಡಿದು ಕಾಯುತ್ತಾ ಕೂತೆ, ಅವರು ಎದ್ದು "ಸರಿ" ಅನ್ನಲಿ ಎಂದು.