ಮಳಖೇಡದ ಸಂಜೆ

ಸೇಡಂನ ಲಾಡ್ಜ್ ಮಾಲೀಕ ಸುರೇಶಕುಮಾರ ತನ್ನ ಲಾಡ್ಜಿನ ಹಜಾರದ ಗೋಡೆಗೆ ಮಳಖೇಡದ ಹಳೆಯ ವೈಭವದ ಚಿತ್ರವೊಂದನ್ನು ಬರೆದುಕೊಡಲು ಸುಜಾತಾಗೆ ಹೇಳಿದ್ದ. ಅವಳು ವಾಡಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಶಾಲೆ ಮುಗಿಸಿ ಮನೆಗೆ ಬಂದು, ಉಳಿದ ಕಸುವಿನಲ್ಲಿ ದಿನವೂ ಸ್ವಲ್ಪ ಸ್ವಲ್ಪ ಬರೆಯುತ್ತಿದ್ದಳು. ರಾಷ್ಟ್ರಕೂಟರ ಕಾಲದ ಕಾಗಿಣಾ ನದಿಯ ದಂಡೆ, ಸಂಜೆಯ ಧೂಳಿನಲ್ಲಿ ಮಸುಕಾದ ಕೋಟೆ. ನದಿಯ ಮೆಟ್ಟಿಲ ಮೇಲೆ, ತುಂಬಿದ ಕೊಡ ಪಕ್ಕಕ್ಕಿಟ್ಟು ಕುಳಿತ ಹೆಂಗಸು.

ಭಾನುವಾರ ಅವಳು ಕಳಿಸಿದ ಅದರ ಫೋಟೊ ನೋಡಿ ಸುರೇಶಕುಮಾರ ಫೋನ್ ಮಾಡಿದ.

"ಮೇಡಂ, ರಾಜಾ ಎಲ್ಲಿ ಅದಾನ್ರಿ? ಈ ಹೆಣ್ಮಗಳನ್ನ ತೆಗೀರಿ. ಅಲ್ಲೊಂದು ಆನಿ ನಿಲ್ಲಸ್ರಿ, ನೋಡಿದೋರು ಖುಷ್ ಆಗ್ಬೇಕು."

ವಾದಿಸುವ ತ್ರಾಣ ಅವಳಲ್ಲಿರಲಿಲ್ಲ. "ಆಗ್ಲಿರಿ" ಎಂದು ಬಣ್ಣ ಕಲಸಿದಳು.

ಅಷ್ಟರಲ್ಲಿ ಗಂಡ ಅಮರನಾಥ ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಬಂದು, ಬೂಟು ಬಿಚ್ಚದೆ ಚಿತ್ರದಲ್ಲಿನ ಹೆಂಗಸನ್ನೇ ನೋಡುತ್ತ ಕುಳಿತುಬಿಟ್ಟ.

"ಈಕಿ ಭಾಳ ದಣದಾಳ. ನೀ ಏನ್ ಮಾಡ್ಲಿಕತ್ತೀ?"

"ಅಳಸಾಕತ್ತೀನಿ. ಆನಿ ಬೇಕಂತ."

"ಈಗರ ಕುಂತಾಳ. ಕುಂದ್ರಲಿ ಬಿಡು."

ಸುಜಾತಾ ಬ್ರಷ್ ಕೆಳಗಿಟ್ಟು, ತಾನೇ ಫೋನ್ ಮಾಡಿದಳು. "ಆನಿ ಬರಂಗಿಲ್ರಿ. ಹಿಂಗೇ ಬೇಕಾದ್ರ ಒಯ್ರಿ."

"ಹಂಗಾದ್ರ ಬ್ಯಾಡ ಬಿಡ್ರಿ" ಎಂದು ಅವನು ಫೋನ್ ಇಟ್ಟ.

ಅವಳಿಗೆ ಸಿಟ್ಟೂ ಬರಲಿಲ್ಲ, ಗೆದ್ದೆನೆಂದೂ ಅನ್ನಿಸಲಿಲ್ಲ. ಅಮರನಾಥ ಬ್ರಷ್‌ಗಳನ್ನು ತೊಳೆಯಲು ಬಚ್ಚಲಿಗೆ ಒಯ್ದ. ಅವನು ಹೊರಬರುವಷ್ಟರಲ್ಲಿ ಸುಜಾತಾ ಚಾಪೆ ಹಾಸಿ, ಬಣ್ಣ ಹತ್ತಿದ ಕೈಯನ್ನೇ ತಲೆಗೆ ದಿಂಬಾಗಿಟ್ಟುಕೊಂಡು ಮಲಗಿದ್ದಳು.